ಪೆಪ್ಸಿನೋಜೆನ್ ಮತ್ತು ನಮ್ಮ ಮನೆಯ ಹೊಟ್ಟೆನೋವು

ಅಪ್ಪ ಸತ್ತಾಗ ನನಗೆ ಹನ್ನೆರಡು ವರ್ಷ. ಸಿಂಧಘಟ್ಟದ ನಮ್ಮ ಮನೆಯ ಹಿತ್ತಿಲಲ್ಲಿ, ಕೊಟ್ಟಿಗೆಯ ಪಕ್ಕದ ಕಲ್ಲಿನ ಮೇಲೆ ಕೂತು ಅವರು ವಾಂತಿ ಮಾಡಿಕೊಂಡರು. ಅದು ರಕ್ತ ಅಂತ ನನಗೆ ತಿಳಿಯಲಿಲ್ಲ. ಕಾಫಿ ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿಯುವ ಗಷ್ಟಿನ ಹಾಗೆ ಕಪ್ಪಗಿತ್ತು. ಅವ್ವ ಮಾತ್ರ ಅದನ್ನು ನೋಡಿದವಳೇ ಗೋಡೆ ಹಿಡಿದುಕೊಂಡು ಕುಸಿದು ಕೂತಳು. ಅವಳು ಅದನ್ನು ಮೊದಲೂ ಒಮ್ಮೆ ನೋಡಿದ್ದಳು. ಅವಳು ಸೊಸೆಯಾಗಿ ಬಂದ ವರ್ಷವೇ ನನ್ನ ತಾತ ಹಾಗೆ ಹೋಗಿದ್ದರಂತೆ. ಅಪ್ಪನನ್ನು ಗಾಡಿಯಲ್ಲಿ ಮಲಗಿಸಿ ಕೆ.ಆರ್. ಪೇಟೆಯ ಆಸ್ಪತ್ರೆ ಮುಟ್ಟಿಸುವಷ್ಟರಲ್ಲಿ ಅವರ ಕೈಕಾಲು ತಣ್ಣಗಾಗಿದ್ದವು.

ಅಪ್ಪನಿಗೆ ಹೊಟ್ಟೆನೋವು ಹೊಸದೇನಲ್ಲ. ನಾನು ಕಂಡಂದಿನಿಂದಲೂ ಊಟವಾಗಿ ಎರಡು ಗಂಟೆ ಕಳೆದರೆ ಅವರು ಎದೆಯ ಕೆಳಗೆ ಮುಷ್ಟಿ ಒತ್ತಿಕೊಳ್ಳುತ್ತಿದ್ದರು. ಲೋಟದ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡ ಹಾಕಿ ಕುಡಿದು, ಜೋರಾಗಿ ತೇಗಿ, ಮತ್ತೆ ಹೊಲಕ್ಕೆ ಹೋಗುತ್ತಿದ್ದರು. ಅಪ್ಪ ಹೋದ ಮೂರು ವರ್ಷಕ್ಕೆ ಅವರ ತಂಗಿ, ನಮ್ಮ ಸೋದರತ್ತೆ, ಗಂಡನ ಮನೆಯಲ್ಲಿ ಅದೇ ಥರ ವಾಂತಿ ಮಾಡಿಕೊಂಡು ತೀರಿಹೋದರು. ಆಮೇಲೆ ಊರಿನವರು ನಮ್ಮ ಮನೆಯ ಬಗ್ಗೆ ಒಂದು ಮಾತು ಕಟ್ಟಿದರು. ಆ ಮನೆಯವರ ಹೊಟ್ಟೆ ಅವರನ್ನೇ ತಿನ್ನುತ್ತದೆ ಅಂತ. ಯಾರೂ ನಮ್ಮೆದುರು ಹೇಳಲಿಲ್ಲ. ಆದರೆ ಬಾವಿಯ ಹತ್ತಿರ ನಾನೂ ಅಕ್ಕನೂ ಬಿಂದಿಗೆ ಹಿಡಿದು ಹೋದಾಗ ಮಾತು ನಿಂತುಹೋಗುತ್ತಿತ್ತು.

ನಾನು ಓದಿದೆ. ಜೀವಶಾಸ್ತ್ರ ಆರಿಸಿಕೊಂಡದ್ದಕ್ಕೂ ಅಪ್ಪನ ಸಾವಿಗೂ ಸಂಬಂಧ ಇರಲಿಲ್ಲ ಅಂತ ಬಹಳ ದಿನ ಅಂದುಕೊಂಡಿದ್ದೆ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾಗಮಂಗಲದ ಒಂದು ಜೂನಿಯರ್ ಕಾಲೇಜಿನಲ್ಲಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಬೆಂಗಳೂರಿನ ಬಸ್ಸುಗಳು ತಿರುಗುವ ರಸ್ತೆಯಿಂದ ಸ್ವಲ್ಪ ಒಳಗೆ, ತೆಂಗಿನ ತೋಟದ ಅಂಚಿನಲ್ಲಿದ್ದ ಒಂದು ಮನೆಯ ಮುಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದೆ. ಅವ್ವ ಊರಿನಲ್ಲಿ ಚಿಕ್ಕಪ್ಪನ ಸಂಸಾರದ ಜೊತೆ ಇದ್ದಳು, ಡೈರಿಗೆ ಹಾಲು ಹಾಕಿಕೊಂಡು. ಅಕ್ಕನನ್ನು ಪಾಂಡವಪುರಕ್ಕೆ ಕೊಟ್ಟಿತ್ತು. ಭಾವ ಅಲ್ಲಿ ಟ್ರಾಕ್ಟರಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದರು.

ಜೀರ್ಣಕ್ರಿಯೆಯ ಪಾಠ ಮಾಡುವಾಗ ನಾನು ಪ್ರತಿ ವರ್ಷವೂ ಒಂದೇ ಥರ ಹೇಳುತ್ತಿದ್ದೆ. ಬೇಳೆ, ಮೊಟ್ಟೆ, ಮಾಂಸ, ಇವುಗಳ ಪ್ರೋಟೀನನ್ನು ಕತ್ತರಿಸಲು ಹೊಟ್ಟೆಯಲ್ಲಿ ಪೆಪ್ಸಿನ್ ಅಂತ ಒಂದು ಕಿಣ್ವ ಇದೆ. ಆದರೆ ಹೊಟ್ಟೆಯ ಗೋಡೆಯ ಕೋಶಗಳು ಪೆಪ್ಸಿನನ್ನು ನೇರವಾಗಿ ತಯಾರಿಸುವುದಿಲ್ಲ. ಹಾಗೆ ತಯಾರಿಸಿದರೆ ಅದು ಆ ಕೋಶಗಳನ್ನೇ ಕತ್ತರಿಸಿಬಿಡುತ್ತದೆ. ಅದಕ್ಕೇ ಅವು ಪೆಪ್ಸಿನೋಜೆನ್ ಅನ್ನುವ, ಇನ್ನೂ ಕೆಲಸಕ್ಕೆ ಬಾರದ ರೂಪವನ್ನು ಹೊರಗೆ ಬಿಡುತ್ತವೆ. ಹೊರಗೆ ಬಂದು ಆಮ್ಲದ ಜೊತೆ ಸೇರಿದ ಮೇಲೆ ಅದರ ಒಂದು ತುಂಡು ಕಳಚಿಕೊಂಡು ಪೆಪ್ಸಿನ್ ಆಗುತ್ತದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ನಾನು ಮುಂದಿನ ಪಾಠಕ್ಕೆ ಹೋಗುತ್ತಿದ್ದೆ.

ಒಂದು ದಿನ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಹೊಟ್ಟೆಯೂ ಮಾಂಸವೇ ಅಲ್ಲವಾ ಮಿಸ್, ಹೊರಗೆ ಬಂದ ಮೇಲೆ ಅದು ಹೊಟ್ಟೆಯನ್ನು ಯಾಕೆ ತಿನ್ನುವುದಿಲ್ಲ ಅಂತ ಕೇಳಿದಳು. ಗೋಡೆಯ ಮೇಲೆ ಲೋಳೆಯ ಒಂದು ಪದರ ಇರುತ್ತದೆ, ಅದು ಕಾಪಾಡುತ್ತದೆ ಅಂದೆ. ಆ ಪದರ ಸಾಕಾಗದಿದ್ದರೆ? ಆಗ ತಿನ್ನುತ್ತದೆ ಅಂತ ಉತ್ತರ ಕೊಟ್ಟೆ. ಊರಿನವರು ಆಡಿಕೊಂಡದ್ದನ್ನೇ ನಾನು ಕರಿಹಲಗೆಯ ಮುಂದೆ ನಿಂತು ಹೇಳಿದ್ದೆ.

ಅದೇ ವರ್ಷ ಬೇಸಿಗೆಯಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಮೈಸೂರಿಗೆ ಹೋಗಿದ್ದೆ. ಕೆಲಸ ಮುಗಿದ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ವೈದ್ಯಕೀಯದ ದಪ್ಪ ಪುಸ್ತಕವೊಂದನ್ನು ತೆಗೆದು ಪೆಪ್ಸಿನೋಜೆನ್ ಅನ್ನುವ ಪದ ಹುಡುಕಿದೆ. ಪುಸ್ತಕ ಹಳೆಯದು, ಬೆನ್ನು ಕಿತ್ತುಹೋಗಿತ್ತು. ಪೆಪ್ಸಿನೋಜೆನ್ ಮಾಡಿಸುವ ಜೀನುಗಳು ಮನುಷ್ಯನ ಹನ್ನೊಂದನೆಯ ವರ್ಣತಂತುವಿನ ಮೇಲೆ ಒಂದರ ಪಕ್ಕ ಒಂದು ಇವೆ, ಎಷ್ಟು ಪ್ರತಿ ಇರುತ್ತವೆ ಅನ್ನುವುದು ಒಬ್ಬರಿಂದ ಒಬ್ಬರಿಗೆ ಬೇರೆ ಅಂತ ಅದರಲ್ಲಿತ್ತು. ಕೆಲವು ಮನೆತನಗಳಲ್ಲಿ ರಕ್ತದಲ್ಲಿನ ಪೆಪ್ಸಿನೋಜೆನ್ ಬಹಳ ಹೆಚ್ಚಿರುತ್ತದೆ, ಅದು ತಂದೆತಾಯಿಯಿಂದ ಮಕ್ಕಳಿಗೆ ಇಳಿಯುತ್ತದೆ, ಅದರ ಜೊತೆಗೇ ಕರುಳಿನ ಹುಣ್ಣೂ ಇಳಿಯುತ್ತದೆ ಅಂತಲೂ ಇತ್ತು.

ಆ ಪುಟವನ್ನು ಮೂರು ಸಲ ಓದಿದೆ. ಫ್ಯಾನು ತಿರುಗುತ್ತಿದ್ದರೂ ನನ್ನ ಬೆನ್ನು ಒದ್ದೆಯಾಗಿತ್ತು. ಅಲ್ಲಿಯತನಕ ಅದು ಊರಿನವರ ಮಾತಾಗಿತ್ತು. ಕಾಗದದ ಮೇಲೆ ಅಚ್ಚಾದದ್ದನ್ನು ಅಲ್ಲಗಳೆಯುವುದು ಹೇಗೆ? ನೋಟ್‌ಬುಕ್ಕಿನಲ್ಲಿ ನಾವು ಮಕ್ಕಳಿಗೆ ಕಲಿಸುವ ಥರದ ವಂಶದ ನಕ್ಷೆ ಬರೆದೆ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರೋಗ ಬಂದವರಿಗೆ ಒಳಗೆ ಮಸಿ. ತಾತನ ಚೌಕ ಕಪ್ಪಾಯಿತು. ಅಪ್ಪನದು, ಅತ್ತೆಯದು ಕಪ್ಪಾದವು. ಅಕ್ಕನದು, ನನ್ನದು, ಎರಡು ಖಾಲಿ ವೃತ್ತ. ಪಾಠದ ಲೆಕ್ಕದ ಪ್ರಕಾರ ಎರಡರಲ್ಲಿ ಒಂದು ತುಂಬಬೇಕು.

ಅಲ್ಲಿಂದ ಶುರುವಾದ ಹೆದರಿಕೆಯನ್ನು ಹೇಗೆ ಹೇಳುವುದೋ ತಿಳಿಯದು. ಬೆಳಿಗ್ಗೆ ಎದ್ದು ಪಾಯಿಖಾನೆಗೆ ಹೋದರೆ ಬಣ್ಣ ನೋಡದೆ ನೀರು ಹಾಕುತ್ತಿರಲಿಲ್ಲ. ಹೊಟ್ಟೆಯೊಳಗೆ ರಕ್ತ ಸೋರಿದರೆ ಮಲ ಟಾರಿನ ಹಾಗೆ ಕಪ್ಪಾಗುತ್ತದೆ ಅಂತ ಓದಿದ್ದೆ. ಒಂದು ದಿನ ಕಪ್ಪಗೆ ಕಂಡಿತು. ಕಾಲೇಜಿಗೆ ರಜೆ ಹಾಕಿ ಕೋಣೆಯಲ್ಲಿ ಗೋಡೆಗೆ ಒರಗಿ ಕೂತೆ, ನಾಡಿ ಎಣಿಸುತ್ತಾ. ಮಧ್ಯಾಹ್ನದ ಹೊತ್ತಿಗೆ, ಹಿಂದಿನ ದಿನ ಮನೆಯ ಯಜಮಾನಿ ಕೊಟ್ಟ ನೇರಳೆಹಣ್ಣು ತಿಂದದ್ದು ನೆನಪಾಯಿತು. ನಗು ಬರಲಿಲ್ಲ. ಖಾರ ಬಿಟ್ಟೆ. ಹುಳಿ ಬಿಟ್ಟೆ. ಮುದ್ದೆಗೆ ಉಪ್ಪೆಸರಿನ ಬದಲು ಹಾಲು ಹಾಕಿಕೊಂಡೆ. ಆದರೂ ಎದೆಯ ಕೆಳಗೆ, ಅಪ್ಪ ಮುಷ್ಟಿ ಒತ್ತಿಕೊಳ್ಳುತ್ತಿದ್ದ ಜಾಗದಲ್ಲೇ, ಉರಿ ಶುರುವಾಯಿತು. ಪಾಠ ಮಾಡುವಾಗ ಎಡಗೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಅದನ್ನು ಕಂಡು ನನಗೇ ಭಯವಾಗುತ್ತಿತ್ತು.

ಅದೇ ಹೊತ್ತಿಗೆ ನಾಗಮಂಗಲದವರೇ ಆದ ಒಬ್ಬ ಹೈಸ್ಕೂಲು ಮೇಷ್ಟ್ರ ಸಂಬಂಧ ಬಂತು. ಒಳ್ಳೆಯ ಮನುಷ್ಯ. ನೋಡಲು ಬಂದಾಗ ನನ್ನನ್ನು ಹಾಡು ಹೇಳು ಅನ್ನಲಿಲ್ಲ, ಏನು ಪಾಠ ಮಾಡುತ್ತೀರಿ ಅಂತ ಕೇಳಿದರು. ಅವ್ವನಿಗೆ ಖುಷಿಯಾಗಿತ್ತು. ನನಗೂ ಆಗಿತ್ತು. ಆ ಖುಷಿಯೇ ನನ್ನನ್ನು ಹೆದರಿಸಿತು. ಈ ಮನುಷ್ಯನಿಗೆ ತಿಳಿಸದೆ ಮದುವೆಯಾದರೆ ನಾನು ಅವನ ಮಕ್ಕಳಿಗೆ ಮಸಿ ತುಂಬಿದ ಚೌಕಗಳನ್ನು ಕೊಟ್ಟ ಹಾಗೆ ಅನ್ನಿಸಿತು. ಅವರಿಗೆ ಹೇಳಿ ಕಳಿಸಿ, ಕಾಲೇಜಿನ ಸ್ಟಾಫ್ ರೂಮಿಗೆ ಬರಮಾಡಿಕೊಂಡು, ತಾತನಿಂದ ಹಿಡಿದು ಎಲ್ಲ ಹೇಳಿದೆ. ಜೀನು, ವರ್ಣತಂತು, ಎರಡರಲ್ಲಿ ಒಂದು. ಅವರು ತಾಳ್ಮೆಯಿಂದ ಕೇಳಿ, ಮನೆಯಲ್ಲಿ ಮಾತಾಡುತ್ತೇನೆ ಅಂತ ಎದ್ದರು. ಹದಿನೈದು ದಿನ ಕಳೆದರೂ ಉತ್ತರ ಬರಲಿಲ್ಲ.

ಉತ್ತರ ಬರಲಿಲ್ಲ ಅನ್ನುವುದಕ್ಕಿಂತ ಬೇರೆ ದಾರಿಯಲ್ಲಿ ಬಂತು. ಅವರ ಚಿಕ್ಕಮ್ಮ ಪಾಂಡವಪುರದಲ್ಲಿ, ಅಕ್ಕನ ಮನೆಯಿಂದ ಎರಡು ಬೀದಿ ಆಚೆ ಇದ್ದರು. ನನ್ನ ಮಾತು ನಾಗಮಂಗಲದಿಂದ ಅಲ್ಲಿಗೆ ಹೋಯಿತು. ಅಲ್ಲಿಂದ ಅಕ್ಕನ ಅತ್ತೆಯ ಕಿವಿಗೆ ಬಿತ್ತು. ಜೀನು, ವರ್ಣತಂತು ಎಲ್ಲ ದಾರಿಯಲ್ಲೇ ಉದುರಿಹೋಗಿ, ಸೊಸೆಯ ತಂಗಿಯೇ ಹೇಳಿದ್ದಾಳಂತೆ, ಅವರ ರಕ್ತದಲ್ಲೇ ಹೊಟ್ಟೆರೋಗ ಇದೆಯಂತೆ, ಮಕ್ಕಳಿಗೂ ಬರುತ್ತದಂತೆ ಅನ್ನುವಷ್ಟು ಉಳಿದಿತ್ತು. ಅಕ್ಕನಿಗೆ ಇಬ್ಬರು ಮಕ್ಕಳು. ಅವಳ ಅತ್ತೆ ಕೆಟ್ಟವರಲ್ಲ. ಆದರೆ ಆ ದಿನದಿಂದ ಅಕ್ಕ ಕೈಯನ್ನು ಹೊಟ್ಟೆಯ ಮೇಲಿಟ್ಟರೆ ಸಾಕು ಆಕೆಯ ಕಣ್ಣು ಅಲ್ಲಿಗೇ ಹೋಗುತ್ತಿತ್ತಂತೆ. ಮೊಮ್ಮಗ ಊಟ ಬೇಡ ಅಂದರೆ, ಶುರುವಾಯ್ತಾ ಅಂತ ಕೇಳುತ್ತಿದ್ದರಂತೆ.

ಒಂದು ಭಾನುವಾರ ಅಕ್ಕನೇ ನನ್ನ ಕೋಣೆಗೆ ಬಂದಳು. ಪಾಂಡವಪುರದಿಂದ ಜಕ್ಕನಹಳ್ಳಿಯ ಮೇಲೆ ಬರುವ ಬಸ್ಸಿನಲ್ಲಿ, ಮಕ್ಕಳನ್ನು ಬಿಟ್ಟು ಒಬ್ಬಳೇ. ಕೂತುಕೊಳ್ಳಲೂ ಇಲ್ಲ.

“ನೀ ಓದಿದ್ದು ನಿನ್ ತಲೇಲಿರ್ಲಿ. ಊರಿಗೆಲ್ಲ ಯಾಕವ್ವ ಅಂಚ್ತೀಯ?” ಅಂದಳು.

ಸುಳ್ಳು ಹೇಳಿ ಮದುವೆ ಆಗಬೇಕಿತ್ತಾ ಅಂತ ನಾನು ಕೇಳಿದೆ. ಅವಳು ತಾನು ಬಂದದ್ದು ಜಗಳಕ್ಕಲ್ಲ, ನನ್ನ ಮುಖ ನೋಡಿ ಹೋಗೋಣ ಅಂತ ಅಂದು, ತಂದಿದ್ದ ಚಕ್ಕುಲಿಯ ಡಬ್ಬವನ್ನು ಮೇಜಿನ ಮೇಲೆ ಬಿಚ್ಚಿದ್ದ ನನ್ನ ನೋಟ್‌ಬುಕ್ಕಿನ ನಕ್ಷೆಯ ಪಕ್ಕ ಇಟ್ಟು, ಸೆರಗಿನ ಗಂಟಿನಿಂದ ಕಡ್ಲೆಪುರಿ ತೆಗೆದು ಬಾಯಿಗೆ ಹಾಕಿಕೊಂಡಳು. ಆ ವರ್ಷ ಅವಳು ಯಾವಾಗಲೂ ಕಡ್ಲೆಪುರಿ ತಿನ್ನುತ್ತಿದ್ದಳು. ಅಡುಗೆ ಮಾಡುವಾಗ, ಬಸ್ಸಿನಲ್ಲಿ, ಮಾತಿನ ಮಧ್ಯೆ. ಬಾಯಿಚಪಲ ಹೆಚ್ಚಾಗಿದೆ ಅಂತ ನಾನು ಅಂದುಕೊಂಡಿದ್ದೆ. ನೋಟ್‌ಬುಕ್ಕಿನಲ್ಲಿ ಅವಳ ಹೆಸರಿನ ವೃತ್ತ ಬರೆದಿದ್ದ ನಾನು, ಹೊಟ್ಟೆ ಖಾಲಿಯಾದಾಗಲೆಲ್ಲ ನೋಯುವ ಹುಣ್ಣು ಏನಾದರೂ ತಿಂದ ತಕ್ಷಣ ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ ಅಂತ ಓದಿದ್ದ ನಾನು, ಎದುರಿಗೆ ನಿಂತು ಪುರಿ ತಿನ್ನುತ್ತಿದ್ದ ಅಕ್ಕನನ್ನು ನೋಡಲೇ ಇಲ್ಲ. ಆ ದಿನಗಳಲ್ಲಿ ನಾನು ನೋಡುತ್ತಿದ್ದದ್ದು ನನ್ನ ಹೊಟ್ಟೆಯೊಂದನ್ನೇ.

ಇದಾಗಿ ನಾಲ್ಕೈದು ತಿಂಗಳಿಗೆ ಶ್ರೀರಂಗಪಟ್ಟಣದಲ್ಲಿದ್ದ ನಮ್ಮ ದೊಡ್ಡಮ್ಮನ ಮನೆಯಲ್ಲಿ ಮೊಮ್ಮಗುವಿನ ನಾಮಕರಣ ಇತ್ತು. ನಾನು ಹಿಂದಿನ ದಿನವೇ ಪಾಂಡವಪುರಕ್ಕೆ ಹೋಗಿ, ಬೆಳಿಗ್ಗೆ ಅಕ್ಕನ ಜೊತೆ ಹೊರಟೆ. ಅಕ್ಕನ ಮುಖದಲ್ಲಿ ಬಣ್ಣ ಇರಲಿಲ್ಲ. ತುಟಿ ಸುಣ್ಣ ಹಚ್ಚಿದ ಹಾಗಿತ್ತು. ಏನೇ ಅಂದರೆ, ಮುಟ್ಟು ಜಾಸ್ತಿ ಅಂದಳು. ಬಸ್ಸಿನ ಮೆಟ್ಟಿಲು ಹತ್ತುವಾಗ ಎರಡು ಕಡೆ ಹಿಡಿದುಕೊಂಡು, ಮೇಲೆ ಬಂದು ಏದುಸಿರು ಬಿಟ್ಟಳು. ನಾಲೆಯ ನೀರು ಬಿಟ್ಟಿದ್ದ ಕಾಲ. ದಾರಿಯುದ್ದಕ್ಕೂ ನಾಟಿಯ ಗದ್ದೆಗಳು. ಅವಳು ಒಂದನ್ನೂ ನೋಡದೆ ಮುಂದಿನ ಸೀಟಿನ ಕಂಬಿಗೆ ಹಣೆ ಆನಿಸಿದ್ದಳು.

ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಹತ್ತು ಹೆಜ್ಜೆ ಹಾಕಿರಬೇಕು. ತಲೆ ಸುತ್ತುತ್ತೆ ಕಣೇ ಅಂತ ನನ್ನ ತೋಳು ಹಿಡಿದಳು. ಹಿಡಿದ ಕೈ ತಣ್ಣಗೆ, ಬೆವೆತು ಅಂಟಂಟಾಗಿತ್ತು. ಹೂವಿನವರ ಸಾಲಿನ ಮುಂದೆಯೇ ಮಂಡಿಯೂರಿ ಕೂತು ವಾಂತಿ ಮಾಡಿದಳು. ಕಪ್ಪಗೆ. ಗಷ್ಟಿನ ಹಾಗೆ. ಆಮೇಲೆ ಅದರ ಮೇಲೆ ಕೆಂಪಗೆ.

ನಾನು ಕಿರುಚಲಿಲ್ಲ. ನನ್ನ ಕಾಲೂ ಓಡಲಿಲ್ಲ. ಹನ್ನೆರಡು ವರ್ಷದವಳ ಹಾಗೆ ಸುಮ್ಮನೆ ನಿಂತು ನೋಡುತ್ತಿದ್ದೆ. ಹೂ ಕಟ್ಟುತ್ತಿದ್ದ ಒಬ್ಬ ಹೆಂಗಸು ಬುಟ್ಟಿ ಸರಿಸಿ ಬಂದು ಅಕ್ಕನ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. ಹೂವಿಗೆ ಚಿಮುಕಿಸುವ ನೀರನ್ನೇ ಮುಖಕ್ಕೆ ಹಾಕಿದಳು. “ನಿಂತ್ಕಂಡ್ ಏನ್ ನೋಡ್ತೀಯವ್ವ, ಆಟೋ ಕರಿ” ಅಂತ ನನ್ನನ್ನು ಗದರಿದಳು. ಆ ಗದರಿಕೆಗೆ ನನ್ನ ಕಾಲಿಗೆ ಜೀವ ಬಂತು.

ಅಲ್ಲಿನ ಆಸ್ಪತ್ರೆಯಲ್ಲಿ ಗ್ಲೂಕೋಸು ಹಾಕಿ, ರಕ್ತ ಬೇಕಾಗುತ್ತದೆ, ತಡಮಾಡದೆ ಮೈಸೂರಿಗೆ ಕರೆದುಕೊಂಡು ಹೋಗಿ ಅಂದರು. ಎಸ್‌ಟಿಡಿ ಬೂತಿನಿಂದ ಭಾವನ ಅಂಗಡಿಗೆ ಫೋನು ಮಾಡಿದೆ. ಬಾಡಿಗೆಯ ವ್ಯಾನಿನಲ್ಲಿ ಅಕ್ಕನ ಕಾಲನ್ನು ನನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು ಕೂತೆ. ಕಾವೇರಿಯ ಸೇತುವೆ ದಾಟುವಾಗ ಅವಳು ಕಣ್ಣು ಬಿಟ್ಟಳು.

“ಎಷ್ಟ್ ದಿನದಿಂದ?” ಅಂತ ಕೇಳಿದೆ.

“ಯುಗಾದಿಯಿಂದ. ಕಪ್ಪುಗ್ ಓಯ್ತಾ ಇತ್ತು. ಯಾರ್ಗೂ ಯೋಳ್ನಿಲ್ಲ.”

“ನಂಗಾದ್ರೂ ಯೋಳ್ಬಾರ್ದಾ?”

“ನಿಂಗೆ ಯೋಳುದ್ರೆ, ನೀ ಬರ್ಕತಿದ್ದೆ” ಅಂದಳು. ಕೋಪ ಇರಲಿಲ್ಲ ಅವಳ ದನಿಯಲ್ಲಿ. ಮತ್ತೆ ಕಣ್ಣು ಮುಚ್ಚಿಕೊಂಡಳು.

ಅವಳು ಸತ್ತರೆ ಕೊಂದದ್ದು ಹುಣ್ಣಲ್ಲ, ನಾನು ಅಂತ ಆಗ ತಿಳಿಯಿತು. ಆ ಹೆದರಿಕೆಯ ಮುಂದೆ ನನ್ನ ಹೊಟ್ಟೆಯ ಹೆದರಿಕೆ ಏನೂ ಅಲ್ಲ. ಮೈಸೂರು ಬರುವವರೆಗೆ ಅವಳ ಪಾದದ ಬೆರಳುಗಳನ್ನು ಉಜ್ಜುತ್ತಾ, ತಣ್ಣಗಾಗಬೇಡ, ತಣ್ಣಗಾಗಬೇಡ ಅಂತ ಒಳಗೇ ಹೇಳಿಕೊಳ್ಳುತ್ತಿದ್ದೆ.

ಮೈಸೂರಿನ ಒಂದು ನರ್ಸಿಂಗ್ ಹೋಮಿನಲ್ಲಿ ಸೇರಿಸಿದೆವು. ಅವಳದೂ ನನ್ನದೂ ಒಂದೇ ಗುಂಪಿನ ರಕ್ತ. ಒಂದು ಬಾಟಲು ಕೊಡಲು ಮಲಗಿದಾಗ ಒಂದು ಹುಚ್ಚು ಯೋಚನೆ ಬಂತು. ಇದೇ ರಕ್ತವಲ್ಲವಾ, ಇದನ್ನೇ ಅವಳಿಗೆ ಮತ್ತೆ ತುಂಬುತ್ತಿದ್ದೇವಲ್ಲ ಅಂತ. ರಕ್ತ ಕೊಟ್ಟರೆ ಜೀನು ಹೋಗಿ ಸೇರಿಕೊಳ್ಳುವುದಿಲ್ಲ ಅಂತ ಪರೀಕ್ಷೆಗೆ ಪ್ರಶ್ನೆ ಕೊಡುವವಳು ನಾನು. ಭಾವ ಬಂದವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅವರ ಅಂಗಡಿಯ ಗ್ರೀಸು ಇನ್ನೂ ಬೆರಳಲ್ಲಿತ್ತು. ಆ ಕೈಯಲ್ಲೇ ಅಕ್ಕನ ಹಣೆ ಮುಟ್ಟಿ, ಗುರುತು ಉಳಿದದ್ದು ನೋಡಿ, ಅಂಗಿಯ ತುದಿಯಿಂದ ಒರೆಸಿದರು.

ಮರುದಿನ ಬೆಳಿಗ್ಗೆ ಬಾಯಿಂದ ಹೊಟ್ಟೆಗೆ ನಳಿಕೆ ಬಿಟ್ಟು ನೋಡಿದರು. ವೈದ್ಯರು ನಡುವಯಸ್ಸಿನವರು, ಮೆತ್ತಗೆ ಮಾತಾಡುವವರು. ನಾನು ಜೀವಶಾಸ್ತ್ರದ ಉಪನ್ಯಾಸಕಿ ಅಂತ ಭಾವ ಹೇಳಿದ್ದರಿಂದ ನನ್ನನ್ನೂ ಒಳಗೆ ಕರೆದರು. ಹೊಟ್ಟೆ ದಾಟಿದ ತಕ್ಷಣ ಬರುವ ಕರುಳಿನ ಮೊದಲ ಭಾಗದಲ್ಲಿ ಹುಣ್ಣಾಗಿದೆ, ಒಂದು ರಕ್ತನಾಳ ತೆರೆದುಕೊಂಡಿತ್ತು, ಅಲ್ಲೇ ಔಷಧಿ ಚುಚ್ಚಿದ್ದೇನೆ, ಸದ್ಯಕ್ಕೆ ನಿಂತಿದೆ ಅಂದರು. ಆಮೇಲೆ ಅಕ್ಕನ ಹೊಟ್ಟೆಯ ಗೋಡೆಯಿಂದ ಚಿವುಟಿ ತೆಗೆದ ಸಾಸಿವೆಯಷ್ಟು ಚೂರನ್ನು, ಹಳದಿ ಬಣ್ಣದ ಜೆಲ್ಲಿಯಂಥದ್ದಿದ್ದ ಒಂದು ಸಣ್ಣ ಬಿಲ್ಲೆಯೊಳಗೆ ಇಟ್ಟು, ಮೇಜಿನ ಮೇಲೆ ನನ್ನ ಮುಂದೆ ಸರಿಸಿದರು.

ನಾನು ತಡೆಯಲಾರದೆ ಎಲ್ಲ ಹೇಳಿಬಿಟ್ಟೆ. ತಾತ, ಅಪ್ಪ, ಅತ್ತೆ, ಹನ್ನೊಂದನೆಯ ವರ್ಣತಂತು, ರಕ್ತದಲ್ಲಿ ಹೆಚ್ಚಿರುವ ಪೆಪ್ಸಿನೋಜೆನ್. ನಮಗೆ ಉಳಿಗಾಲ ಇದೆಯೇ ಅಂತ ಕೇಳಿದೆ. ಅವರು ಮಧ್ಯೆ ಬಾಯಿ ಹಾಕಲಿಲ್ಲ. ನಾನು ನಿಲ್ಲಿಸಿದ ಮೇಲೆ ಬಿಲ್ಲೆಯ ಕಡೆ ಬೆರಳು ತೋರಿಸಿದರು. ಚೂರಿನ ಸುತ್ತ ಹಳದಿ ಹೋಗಿ ಗುಲಾಬಿ ಬಣ್ಣ ಹಬ್ಬುತ್ತಿತ್ತು.

“ನೋಡಿ ಮೇಡಂ, ಆ ಜೀನು ಎಲ್ಲರಿಗೂ ಇದೆ. ನನಗೂ ಇದೆ. ಇಲ್ಲದಿದ್ರೆ ತಿಂದ ಬೇಳೆ ಅರಗೋದು ಕಷ್ಟ. ಅದು ರೋಗ ಅಲ್ಲ. ಈ ಗುಲಾಬಿ ಬಣ್ಣ ಮಾಡ್ತಿರೋದು ಒಂದು ಬ್ಯಾಕ್ಟೀರಿಯಾ.”

ಅವರು ನಿಧಾನವಾಗಿ ವಿವರಿಸಿದರು. ಹೊಟ್ಟೆಯ ಆಮ್ಲದಲ್ಲೂ ಬದುಕುವ ಆ ಬ್ಯಾಕ್ಟೀರಿಯಾ ಗೋಡೆಗೆ ಅಂಟಿಕೊಂಡು ಅದನ್ನು ಕೆರಳಿಸುತ್ತದೆ. ಕೆರಳಿದ ಗೋಡೆಯಿಂದ ಪೆಪ್ಸಿನೋಜೆನ್ ರಕ್ತಕ್ಕೆ ಹೆಚ್ಚಾಗಿ ಸೋರುತ್ತದೆ. ಔಷಧಿ ಕೊಟ್ಟು ಬ್ಯಾಕ್ಟೀರಿಯಾ ಕೊಂದರೆ ಆ ಮಟ್ಟವೂ ಇಳಿಯುತ್ತದೆ, ಹುಣ್ಣೂ ಮಾಯುತ್ತದೆ. ಹಿಂದೆ ಪುಸ್ತಕ ಬರೆದವರು ಒಂದೇ ಮನೆಯಲ್ಲಿ ಹಲವರಿಗೆ ಅದು ಹೆಚ್ಚಿರುವುದನ್ನು ನೋಡಿ, ಇದು ವಂಶದಿಂದ ಬಂದದ್ದು ಅಂತ ತಿಳಿದರು. ಆದರೆ ಒಂದು ಮನೆಯವರು ಹಂಚಿಕೊಳ್ಳುವುದು ರಕ್ತ ಒಂದನ್ನೇ ಅಲ್ಲ. ನೀರು ಹಂಚಿಕೊಳ್ಳುತ್ತಾರೆ, ತಟ್ಟೆ ಹಂಚಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಈ ಬ್ಯಾಕ್ಟೀರಿಯಾ ಒಬ್ಬರ ಬಾಯಿಂದ ಒಬ್ಬರಿಗೆ ಹೋಗುತ್ತದೆ.

ಹಾಗಾದರೆ ರಕ್ತದ ಪಾಲು ಏನೂ ಇಲ್ಲವೇ ಅಂದೆ. ಇಲ್ಲ ಅಂತ ಹೇಳಲಾರೆ ಅಂದರು. ನಮ್ಮ ಕಡೆ ಎಷ್ಟೋ ಜನರ ಹೊಟ್ಟೆಯಲ್ಲಿ ಇದು ಇರುತ್ತದೆ, ಬಹಳ ಜನಕ್ಕೆ ಏನೂ ಆಗುವುದಿಲ್ಲ, ಕೆಲವರಿಗೆ ಮಾತ್ರ ಹುಣ್ಣಾಗುತ್ತದೆ. ಯಾಕೆ ಅಂತ ಪೂರ್ತಿ ಗೊತ್ತಿಲ್ಲ. ಆದರೆ ನಿಮ್ಮ ಅಕ್ಕ ಎರಡು ವಾರ ಮಾತ್ರೆ ತೆಗೆದುಕೊಂಡರೆ ವಾಸಿಯಾಗುವ ಸಾಧ್ಯತೆ ತುಂಬ ಇದೆ ಅಂದರು.

ಎರಡು ವಾರದ ಮಾತ್ರೆ. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಸಂತೋಷ ಆಗಬೇಕಿತ್ತು, ಆಗಲಿಲ್ಲ. ಲೋಟದಲ್ಲಿ ಸೋಡ ಕದಡುತ್ತಿದ್ದ ಅಪ್ಪ ಕಣ್ಣ ಮುಂದೆ ಬಂದರು. ಅವರ ಕಾಲದಲ್ಲಿ ಈ ವಿಷಯ ವೈದ್ಯರಿಗೇ ಗೊತ್ತಿರಲಿಲ್ಲ, ಯಾರನ್ನೂ ದೂರುವ ಹಾಗಿಲ್ಲ. ನಾನು ಹೆದರಿದ್ದಕ್ಕೆ, ಹೆದರಿ ಮಾತಾಡಿದ್ದಕ್ಕೆ ಮಾತ್ರ ದೂರಬಹುದಾದ ಒಬ್ಬಳಿದ್ದಳು. ಅವಳು ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು.

ಅಕ್ಕನಿಗೆ ಮತ್ತೆ ರಕ್ತಸ್ರಾವ ಆಗಬಹುದು ಅಂತ ಮೂರು ದಿನ ಕಾದರು. ಆ ಮೂರು ದಿನ ನಾನು ಅವಳ ಹಾಸಿಗೆಯ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಅವಳು ಕೆಮ್ಮಿದರೂ ಬೇಸಿನ್ನು ಹಿಡಿಯುತ್ತಿದ್ದೆ. ನರ್ಸು ನಾಡಿ ನೋಡಿ ಹೋದ ಹಿಂದೆಯೇ ನಾನೂ ನೋಡುತ್ತಿದ್ದೆ. ನಾಲ್ಕನೆಯ ದಿನ ಅವಳು ಗಂಜಿ ಕುಡಿದು, ಉಪ್ಪು ಸಾಲದು ಅಂದಳು. ನನಗೆ ಆಗ ಅಳು ಬಂತು. ಅವಳು ನನ್ನನ್ನು ಅಳಲು ಬಿಟ್ಟಳು. ಆಮೇಲೆ, ನನ್ನ ಎಡಗೈ ಎದೆಯ ಕೆಳಗೆ ಒತ್ತಿಕೊಂಡಿರುವುದನ್ನು ನೋಡಿ, “ನೀನೂ ನುಂಗು ಆ ಪೈಪ್‌ನ. ಅದೇನೈತೋ ಗೊತ್ತಾಗೋಗ್ಲಿ” ಅಂದಳು.

ನುಂಗಿದೆ. ಅದಕ್ಕಿಂತ ಹೆದರಿದ್ದು ನನ್ನ ಜೀವನದಲ್ಲಿ ಇಲ್ಲ. ನಳಿಕೆಗಲ್ಲ, ಅದು ಏನು ಕಾಣುತ್ತದೋ ಅನ್ನುವುದಕ್ಕೆ. ಹುಣ್ಣು ಇರಲಿಲ್ಲ. ಗೋಡೆ ಸ್ವಲ್ಪ ಕೆಂಪಾಗಿದೆ, ಅಷ್ಟೆ ಅಂದರು. ಆದರೆ ನನ್ನ ಬಿಲ್ಲೆಯೂ ಗುಲಾಬಿಯಾಯಿತು. ಮನೆಯಲ್ಲಿ ಇಷ್ಟು ಜನ ಹೋಗಿರುವುದರಿಂದ ನೀವೂ ಮಾತ್ರೆ ತೆಗೆದುಕೊಳ್ಳಿ ಅಂತ ಬರೆದುಕೊಟ್ಟರು. ಬಾಯೆಲ್ಲ ಕಹಿಯಾಗಿ, ತಗಡು ನೆಕ್ಕಿದ ಹಾಗಿರುತ್ತಿತ್ತು. ನಾಲಿಗೆ ಕಪ್ಪಾಯಿತು, ಮಲವೂ ಕಪ್ಪಾಯಿತು. ಅದು ಮಾತ್ರೆಯಿಂದಲೇ ಅಂತ ಮೊದಲೇ ತಿಳಿಸಿದ್ದರು. ಆದರೂ ಮೊದಲ ದಿನ ನೋಡಿ ಬಚ್ಚಲ ಗೋಡೆ ಹಿಡಿದು ನಿಂತೆ.

ಅಕ್ಕ ವಾಸಿಯಾದಳು. ಎರಡು ತಿಂಗಳ ಮೇಲೆ ಮತ್ತೆ ನೋಡಿದಾಗ ಹುಣ್ಣಿದ್ದ ಜಾಗದಲ್ಲಿ ಬಿಳಿಯ ಕಲೆ ಮಾತ್ರ ಇತ್ತು. ಅವಳ ಅತ್ತೆಗೆ ನಾನೇ ಪಾಂಡವಪುರಕ್ಕೆ ಹೋಗಿ, ಪಡಸಾಲೆಯಲ್ಲಿ ಕೂತು, ಇದು ರಕ್ತದ್ದಲ್ಲ, ಹುಳದ್ದು, ನಾನು ತಿಳಿಯದೆ ಆಡಿದೆ ಅಂತ ಹೇಳಿದೆ. ಆಕೆ ಎಲೆಗೆ ಸುಣ್ಣ ಸವರುತ್ತಾ ಕೇಳಿಸಿಕೊಂಡು, ಓದಿದವರೂ ತಪ್ಪು ಓದ್ತಾರಾ ಅಂದರು. ಓದುತ್ತಾರೆ ಅಂದೆ. ನಾಗಮಂಗಲದ ಮೇಷ್ಟ್ರಿಗೆ ಅಷ್ಟರಲ್ಲಿ ಬೇರೆ ಕಡೆ ಮದುವೆ ಗೊತ್ತಾಗಿತ್ತು. ದಾರಿಯಲ್ಲಿ ಸಿಕ್ಕಾಗ ಅಕ್ಕ ಹೇಗಿದ್ದಾರೆ ಅಂತ ವಿಚಾರಿಸಿದರು. ನಾನು ಮದುವೆಯಾದದ್ದು ಇನ್ನೂ ಮೂರು ವರ್ಷದ ಮೇಲೆ, ಕೆ.ಆರ್. ಪೇಟೆಯವರನ್ನು.

ಇದಕ್ಕೆಲ್ಲ ಮೊದಲು, ಆಸ್ಪತ್ರೆಯಿಂದ ಬಂದ ಹೊಸದರಲ್ಲೇ, ಅವ್ವನಿಗೆ ತಿಳಿಸಬೇಕಿತ್ತು. ಅಕ್ಕ ಚೇತರಿಸಿಕೊಳ್ಳಲು ಸಿಂಧಘಟ್ಟಕ್ಕೆ ಬಂದಿದ್ದಾಗ ನಾನೂ ಹೋದೆ. ಸಂಜೆ ಹಾಲು ಕರೆಯುವ ಹೊತ್ತು. ಅವ್ವ ಹಸುವಿನ ಮುಂದೆ ಬೂಸಾ ಕಲಸಿಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತು, ಅವಳಿಗೆ ನೆಮ್ಮದಿಯಾಗಲಿ ಅಂತಲೇ ಶುರುಮಾಡಿದೆ. ಮನೆತನದ ಶಾಪವೂ ಅಲ್ಲ, ರಕ್ತವೂ ಅಲ್ಲ, ಕಣ್ಣಿಗೆ ಕಾಣದ ಒಂದು ಹುಳ, ಚಿಕ್ಕ ಮಕ್ಕಳಿದ್ದಾಗ ಮನೆಯವರಿಂದಲೇ ಬರುತ್ತದಂತೆ, ಬಾಯಿಂದ, ಎಂಜಲಿಂದ ಅಂತ ಹೇಳುತ್ತಾ ಹೋದೆ. ಅವ್ವನ ಕೈ ಬೂಸಾದಲ್ಲೇ ನಿಂತಿತು.

“ನಿಮ್ಗಿಬ್ರಿಗೂ ಬಾಯಲ್ಲಿ ಅಲ್ಲು ಬರೋಗಂಟ ಅನ್ನವ ನಾನೇ ಅಗಿದು ತಿನ್ಸಿವ್ನಿ” ಅಂದಳು. ನನ್ನ ಕಡೆ ತಿರುಗಿ ಕೇಳಿದಳು: “ಅಂಗಾರೆ ನನ್ ಬಾಯಿಂದ್ಲೇ ಬಂತು ಅಂತೀಯೇನವ್ವ?”

ಬಾಯಿ ತೆರೆದರೆ ಯಾರಿಗಾದರೂ ಗಾಯ ಮಾಡುತ್ತೇನೆ ಅನ್ನುವುದು ಗೊತ್ತಾಗಿಯೂ ಮತ್ತೆ ತೆರೆದಿದ್ದೆ. ಯಾರಿಂದ ಬಂತು ಅಂತ ಯಾರಿಗೂ ಹೇಳಲು ಆಗುವುದಿಲ್ಲ. ಅದು ನಿಜ. ಆದರೆ ಆ ನಿಜ ಅವಳಿಗೆ ಸಾಕಾಗುತ್ತಿರಲಿಲ್ಲ.

“ಇಲ್ಲ ಕಣವ್ವ, ಬಾವಿ ನೀರಿಂದ. ಡಾಕ್ಟ್ರೇ ಹೇಳುದ್ರು” ಅಂದೆ.

ಒಳಗೆ ಚಾಪೆಯ ಮೇಲೆ ಮಲಗಿದ್ದ ಅಕ್ಕನಿಗೂ ಕೇಳಿಸಿರಬೇಕು. ನೀರಿಂದಲೇ ಕಣವ್ವ, ನಂಗೂ ಅಂಗೇ ಯೋಳುದ್ರು ಅಂತ ಅವಳೂ ಕೂಗಿ ಹೇಳಿದಳು. ಅಂಗಾದ್ರೆ ಸರಿ ಅಂದು ಅವ್ವ ಕೈ ತೊಳೆದುಕೊಂಡು, ಕರುವನ್ನು ಎಳೆದು ಕಟ್ಟಿ, ಹಾಲು ಕರೆಯಲು ಕೂತಳು. ಅವಳು ನಂಬಿದಳೋ ಇಲ್ಲವೋ ಅವಳ ಬೆನ್ನು ನೋಡಿ ನನಗೆ ತಿಳಿಯಲಿಲ್ಲ.

ಆಮೇಲೆ ನನಗೂ ಮಗಳು ಹುಟ್ಟಿದಳು, ಅವ್ವ ಬಾಣಂತನ ಮಾಡಿದಳು. ಅನ್ನ ಶುರುವಾದಾಗ ಅವ್ವ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೊಸದೊಂದು ಚಮಚವನ್ನು ಬಿಸಿನೀರಿನಲ್ಲಿ ಅದ್ದಿ ತೆಗೆದು, ಅನ್ನವನ್ನು ಒರಳಲ್ಲಿ ನುಣ್ಣಗೆ ಅರೆದು ತಿನ್ನಿಸಿದಳು. ಬಿಸಿ ನೋಡಲು ಕೂಡ ತುಟಿಗೆ ತಾಗಿಸಲಿಲ್ಲ, ಮುಂಗೈ ಮೇಲೆ ಒಂದಿಷ್ಟು ಇಟ್ಟು ನೋಡಿದಳು. ಯಾಕವ್ವ ಇಷ್ಟೆಲ್ಲ ಅಂತ ನಾನು ಕೇಳಲಿಲ್ಲ.